ನಾಯಿಗೆ ವೀಗನ್ ಫುಡ್ ಕೊಡಬೇಕು ಅಂತಿದ್ದೇನೆ. ಪ್ಯಾಕಿನ ಹಿಂದೆ ಏನೇನು ನೋಡಬೇಕು?

ಕರಿಯನ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯನಿಗೆ ಈಗ 5 ವರ್ಷ. ಮರಿಯಾಗಿದ್ದಾಗ ಬೀದಿಯಿಂದ ಎತ್ತಿಕೊಂಡು ಬಂದ ನಾಡುನಾಯಿ. ತೂಕ 18 ಕೆಜಿ. ಇದುವರೆಗೂ ದೊಡ್ಡ ಕಾಯಿಲೆ ಏನೂ ಬಂದಿಲ್ಲ.

ನಾನು ವೀಗನ್ ಆಗಿ 3 ವರ್ಷ ಆಯಿತು. ಹಾಲು, ಮೊಸರು, ತುಪ್ಪ ಯಾವುದೂ ಮನೆಗೆ ಬರುವುದಿಲ್ಲ. ಕರಿಯನಿಗೆ ಮಾತ್ರ ಕೋಳಿ ಇರುವ ಡಾಗ್ ಫುಡ್ ತರುತ್ತೇನೆ. ಪ್ರತಿ ಸಲ ಆ ಪ್ಯಾಕ್ ಬಿಚ್ಚುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಹಾಗಂತ ನನ್ನ ಸಮಾಧಾನಕ್ಕೆ ಅವನ ಆರೋಗ್ಯ ಕೆಡಬಾರದು. ಅದಕ್ಕೇ ಕೇಳುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಒಂದು ವೀಗನ್ ಫುಡ್ ಸಿಕ್ಕಿತು. ಕಂಪನಿ ಹೆಸರು ಬೇಡ. ಪ್ಯಾಕಿನ ಹಿಂದೆ ಇರುವುದು ಇಷ್ಟು: ಮೆಕ್ಕೆಜೋಳ, ಬಟಾಣಿ, ಸೋಯಾ ಹಿಟ್ಟು, ಬಟಾಣಿ ಪ್ರೋಟೀನ್, ಅಕ್ಕಿ ನುಚ್ಚು, ಬಟಾಣಿ ನಾರು, ಸೂರ್ಯಕಾಂತಿ ಎಣ್ಣೆ, ಡಿಸಿಪಿ (ಕ್ಯಾಲ್ಸಿಯಂ, ರಂಜಕ ಇರುವ ಪುಡಿ), ಉಪ್ಪು, ವಿಟಮಿನ್ ಮತ್ತು ಖನಿಜಗಳು. ಪ್ರೋಟೀನ್ ಕನಿಷ್ಠ 20%, ಕೊಬ್ಬು ಕನಿಷ್ಠ 8%, ನಾರು 5%, ತೇವಾಂಶ 10%. ಮುಂದುಗಡೆ ದೊಡ್ಡದಾಗಿ "ಎಲ್ಲಾ ವಯಸ್ಸಿನ ನಾಯಿಗಳಿಗೂ ಸಂಪೂರ್ಣ ಆಹಾರ" ಅಂತ ಇದೆ. ಇದನ್ನು ನಂಬಬಹುದಾ?

ಮುಧೋಳ ಮನೆ, ಬಾಗಲಕೋಟೆ

ಅಕ್ಕಾರೆ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮುಧೋಳ ನಾಯಿ ಸಾಕಿದ್ದೇವೆ. ನಾಯಿಯ ಹಲ್ಲು ನೋಡಿದರೆ ಸಾಕು, ಅದು ಏನು ತಿನ್ನುವ ಪ್ರಾಣಿ ಅಂತ ಗೊತ್ತಾಗುತ್ತದೆ. ನಿಮ್ಮ ನಂಬಿಕೆ ನಿಮಗೆ, ಅದಕ್ಕೆ ನನ್ನ ಗೌರವ ಇದೆ. ಆದರೆ ನಾಯಿಗೆ ಆಯ್ಕೆ ಮಾಡಲು ಬರುವುದಿಲ್ಲ. ನಾವು ಹಾಕಿದ್ದನ್ನು ತಿನ್ನುತ್ತದೆ ಅಷ್ಟೇ.

ತಿಪಟೂರು ಅಜ್ಜಿ

ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ನಾಯಿಗಳೆಲ್ಲ ರಾಗಿಮುದ್ದೆ, ಸಾರು, ಮೊಸರನ್ನ ತಿಂದೇ ಬೆಳೆದವು. ಒಂದು 13 ವರ್ಷ ಬದುಕಿತು. ಸುಮ್ನೆ ಇಷ್ಟೆಲ್ಲ ಚಿಂತೆ ಯಾಕಮ್ಮ? ಮನೆ ಊಟವನ್ನೇ ಹಾಕು.

ಪಶುವೈದ್ಯ, ಹಾಸನ

ಇಬ್ಬರು ಹೇಳಿದ್ದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಒಂದೊಂದಾಗಿ ನೋಡೋಣ.

ಮೊದಲು ಹಲ್ಲಿನ ಮಾತು. ಬೆಕ್ಕಿನ ವಿಷಯ ಬೇರೆ. ಅದಕ್ಕೆ ಟಾರಿನ್ ಅನ್ನುವ ಪೋಷಕಾಂಶ ಆಹಾರದಿಂದಲೇ ಬರಬೇಕು. ನಾಯಿ ಹಾಗಲ್ಲ. ಮನುಷ್ಯರ ಜೊತೆ ಬದುಕುತ್ತಾ ಅದರ ದೇಹವೇ ಬದಲಾಗಿದೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪಿಷ್ಟ ಅರಗಿಸುವ ಅಮೈಲೇಸ್ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇತ್ತು. ಅಂದರೆ ಅನ್ನ, ಜೋಳ, ರಾಗಿ ನಾಯಿಗೆ ಅರಗುತ್ತದೆ. ಆದರೆ ಅರಗುವುದು ಬೇರೆ, ಬೇಕಾದದ್ದೆಲ್ಲ ಸಿಗುವುದು ಬೇರೆ. ಎಷ್ಟೋ ಮನೆಗಳಲ್ಲಿ ತಪ್ಪುವುದು ಇಲ್ಲೇ.

ಅಜ್ಜಿ, ನಿಮ್ಮ ನಾಯಿ 13 ವರ್ಷ ಬದುಕಿದ್ದು ಕೇಳಿ ಸಂತೋಷ. ಅದಕ್ಕೆ ಮೊಸರು ಸಿಗುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಹಳ್ಳಿಯ ನಾಯಿ ಹೊರಗೆ ಹೋಗಿ ಇಲಿ, ಮೊಟ್ಟೆ, ಇನ್ನೇನೋ ತಿಂದು ಬರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಮೂರನೇ ಮಹಡಿಯ ಮನೆಯಲ್ಲಿರುವ ನಾಯಿಗೆ ಆ ದಾರಿ ಇಲ್ಲ. ತಟ್ಟೆಯಲ್ಲಿ ಏನಿದೆಯೋ ಅಷ್ಟೇ ಅದರ ಪ್ರಪಂಚ.

ಇನ್ನು ಲೇಬಲ್. ಪ್ರೋಟೀನ್ ಎಷ್ಟು ಅಂತ ನೋಡುವಾಗ ತೇವಾಂಶ ತೆಗೆದು ಲೆಕ್ಕ ಹಾಕಬೇಕು. 100ರಲ್ಲಿ 10 ನೀರು, ಉಳಿದಿದ್ದು 90. 20ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿದರೆ 22.2%. ಅಮೆರಿಕದ ಆಫ್ಕೋ ಸಂಸ್ಥೆಯ ಮಾನದಂಡದಲ್ಲಿ ಬೆಳೆದ ನಾಯಿಗೆ ಒಣ ಲೆಕ್ಕದಲ್ಲಿ ಕನಿಷ್ಠ 18% ಸಾಕು. ಮರಿಗೆ, ಬಸುರಿ ನಾಯಿಗೆ, ಹಾಲೂಡಿಸುವ ನಾಯಿಗೆ 22.5% ಬೇಕು. ಕಂಪನಿ ಭರವಸೆ ಕೊಟ್ಟಿರುವುದು 22.2. ಪ್ಯಾಕಿನ ಮೇಲೆ "ಎಲ್ಲಾ ವಯಸ್ಸಿನ" ಅಂತ ಬರೆದಿದ್ದಾರೆ. ಒಳಗೆ ನಿಜವಾಗಿ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಬರೆದುಕೊಟ್ಟ ಮಾತಿನ ಪ್ರಕಾರ ಮರಿಗೆ ಇದು ಕಡಿಮೆ. ನಿಮ್ಮ ಕರಿಯನಿಗೆ 5 ವರ್ಷ, ಹಾಗಾಗಿ ಈ ಒಂದು ಲೆಕ್ಕದಲ್ಲಿ ತೊಂದರೆ ಇಲ್ಲ.

ಇದು ಬರೀ ಮೊದಲ ಮೆಟ್ಟಿಲು. ರಾತ್ರಿ ಇನ್ನಷ್ಟು ಬರೆಯುತ್ತೇನೆ, ಈಗ ಒಂದು ಹಸು ಕಾಯುತ್ತಿದೆ.

ಕರಿಯನ ಅಮ್ಮ, ಮೈಸೂರು

ತುಂಬಾ ಧನ್ಯವಾದ ಡಾಕ್ಟ್ರೇ. ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ.

ಲೀಡ್ಸ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ಇದರ ಬಗ್ಗೆ ವರ್ಷಗಟ್ಟಲೆ ಜಗಳ ಆಗಿದೆ. ಬ್ರಿಟನ್ನಿನ ಪಶುವೈದ್ಯರ ಸಂಘ ಮೊದಲು ನಾಯಿಗೆ ವೀಗನ್ ಆಹಾರ ಬೇಡ ಅನ್ನುತ್ತಿತ್ತು. 2024ರ ಜುಲೈನಲ್ಲಿ ಆ ವಿರೋಧ ಕೈಬಿಟ್ಟಿತು. ಸರಿಯಾಗಿ ತಯಾರಿಸಿದರೆ ನಾಯಿಗೆ ಸಸ್ಯಾಹಾರ ಸಾಧ್ಯ ಅಂತ ಈಗ ಒಪ್ಪುತ್ತದೆ. ಬೆಕ್ಕಿಗೆ ಮಾತ್ರ ಬೇಡ ಅಂತಲೇ ಇದೆ.

2022ರ ಒಂದು ಅಧ್ಯಯನವನ್ನು ವೀಗನ್ ಗೆಳೆಯರು ಯಾವಾಗಲೂ ತೋರಿಸುತ್ತಾರೆ. ಅದರಲ್ಲಿ 2,536 ನಾಯಿಗಳಿವೆ. ಆದರೆ ಅದು ಸಾಕಿದವರನ್ನು ಕೇಳಿ ಬರೆದುಕೊಂಡ ಸಮೀಕ್ಷೆ. ನಮ್ಮ ನಾಯಿ ಚೆನ್ನಾಗಿದೆ ಅಂತ ಹೇಳುವುದು ನಾವೇ ಅಲ್ವಾ? ನಾನೂ ನನ್ನ ನಾಯಿಗೆ ವೀಗನ್ ಫುಡ್ಡೇ ಕೊಡುವುದು. ಆದರೂ ಆ ಅಧ್ಯಯನವೊಂದನ್ನೇ ನಂಬಿ ಶುರು ಮಾಡಬೇಡಿ ಅನ್ನುತ್ತೇನೆ. 2024ರಲ್ಲಿ ಕ್ಯಾಲಿಫೋರ್ನಿಯಾದವರು ಮಾಡಿದ್ದು ಚಿಕ್ಕದು, ಬರೀ 15 ನಾಯಿ. ಆದರೆ ಪೂರ್ತಿ ಒಂದು ವರ್ಷ ಅಂಗಡಿಯ ಸಸ್ಯಾಹಾರವನ್ನೇ ಕೊಟ್ಟು, ರಕ್ತ ತೆಗೆದು ನೋಡಿದ್ದಾರೆ. ನಾಯಿಗಳು ಆರೋಗ್ಯವಾಗಿಯೇ ಇದ್ದವು. ನನಗೆ ಈ ಚಿಕ್ಕದರ ಮೇಲೆಯೇ ನಂಬಿಕೆ ಜಾಸ್ತಿ.

ಪಶುವೈದ್ಯ, ಹಾಸನ

ಸರಿಯಾಗಿ ಹೇಳಿದಿರಿ. ಓಡುವ ನಾಯಿಗಳ ಮೇಲೂ ಒಂದು ಕೆಲಸ ಆಗಿದೆ. 2009ರಲ್ಲಿ ಸೈಬೀರಿಯನ್ ಹಸ್ಕಿಗಳಿಗೆ 16 ವಾರ ಮಾಂಸವಿಲ್ಲದ ಆಹಾರ ಕೊಟ್ಟು, ಓಟದ ದಿನಗಳಲ್ಲೇ ರಕ್ತ ನೋಡಿದರು. ರಕ್ತ ಕಡಿಮೆ ಆಗಿರಲಿಲ್ಲ. ಮುಧೋಳದ ಅಣ್ಣನವರಿಗೆ ಇದು ಆಸಕ್ತಿಯ ವಿಷಯ ಅನಿಸಬಹುದು. ಆ ಆಹಾರವನ್ನು ಲೆಕ್ಕ ಹಾಕಿ ಮಾಡಿದ್ದರು, ಅದು ಮುಖ್ಯ.

ಈಗ ಪ್ರೋಟೀನ್ ಒಳಗೆ ಹೋಗೋಣ. ಪ್ರೋಟೀನ್ ಆಗಿರುವುದು ಅಮೈನೊ ಆಮ್ಲ ಅನ್ನುವ ಸಣ್ಣ ತುಣುಕುಗಳಿಂದ. ನಾಯಿಗೆ ಆಹಾರದಿಂದಲೇ ಬರಬೇಕಾದವು 10. ಧಾನ್ಯದಲ್ಲಿ ಲೈಸಿನ್ ಕಡಿಮೆ, ಬೇಳೆಕಾಳಿನಲ್ಲಿ ಮೆಥಿಯೊನಿನ್ ಕಡಿಮೆ. ಎರಡನ್ನೂ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಅನ್ನ ಮತ್ತು ಬೇಳೆಸಾರಿನ ಲೆಕ್ಕವೂ ಇದೇ. ಆದರೆ ನಾಯಿಯ ವಿಷಯದಲ್ಲಿ ಅಷ್ಟು ಸಾಲದು. ನಾಯಿ ತನ್ನ ಟಾರಿನ್ ಅನ್ನು ಮೆಥಿಯೊನಿನ್, ಸಿಸ್ಟೀನ್‌ಗಳಿಂದಲೇ ಮಾಡಿಕೊಳ್ಳುತ್ತದೆ. ಇವೆರಡು ಕಡಿಮೆಯಾದರೆ ಟಾರಿನ್ ಕೂಡ ಕಡಿಮೆ ಆಗಬಹುದು. ಟಾರಿನ್ ಇಲ್ಲದಿದ್ದರೆ ಹೃದಯದ ಸ್ನಾಯು ಸೋಲುತ್ತದೆ. ಒಣ ಲೆಕ್ಕದಲ್ಲಿ ಮೆಥಿಯೊನಿನ್ ಕನಿಷ್ಠ 0.33%, ಸಿಸ್ಟೀನ್ ಸೇರಿ 0.65% ಇರಬೇಕು. ಒಳ್ಳೆಯ ವೀಗನ್ ಫುಡ್‌ನ ಪಟ್ಟಿಯಲ್ಲಿ "ಡಿಎಲ್-ಮೆಥಿಯೊನಿನ್", "ಟಾರಿನ್" ಅಂತ ಬೇರೆಯಾಗಿಯೇ ಬರೆದಿರುತ್ತದೆ. ನೀವು ಹಾಕಿದ ಪಟ್ಟಿಯಲ್ಲಿ ಎರಡೂ ಕಾಣಲಿಲ್ಲ. ನನಗೆ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು.

ಎರಡನೆಯದು, ಬಟಾಣಿ. ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದು ಮೊದಲು ಬರುತ್ತದೆ. ಇಲ್ಲಿ ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ನಾರು ಅಂತ ಮೂರು ಕಡೆ ಹಂಚಿದ್ದಾರೆ. ಮೂರನ್ನೂ ಕೂಡಿಸಿದರೆ ಬಟಾಣಿಯೇ ಮೆಕ್ಕೆಜೋಳವನ್ನು ಮೀರಬಹುದು. 2018ರ ಜುಲೈನಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ನಾಯಿಗಳಲ್ಲಿ ಹೃದಯ ಹಿಗ್ಗುವ ಡಿಸಿಎಂ ಕಾಯಿಲೆ ಮತ್ತು ಬಟಾಣಿ, ಬೇಳೆಕಾಳು, ಆಲೂಗಡ್ಡೆ ಜಾಸ್ತಿ ಇರುವ ಆಹಾರದ ನಡುವೆ ಸಂಬಂಧ ಇದೆಯಾ ಅಂತ ವಿಚಾರಣೆ ಶುರು ಮಾಡಿತು. ಆ ಆಹಾರಗಳಲ್ಲಿ ಎಷ್ಟೋ ಮಾಂಸ ಇದ್ದವೇ. ಅಂದರೆ ಇದು ವೀಗನ್ ಒಂದರ ಸಮಸ್ಯೆ ಅಲ್ಲ. ಬಟಾಣಿಯೇ ಕಾರಣ ಅಂತ ಸಾಬೀತೂ ಆಗಿಲ್ಲ. 2022ರ ಕೊನೆಗೆ, ಹೊಸ ವಿಜ್ಞಾನ ಬಂದರೆ ಮಾತ್ರ ಮುಂದೆ ಹೇಳುತ್ತೇವೆ ಅಂತ ಎಫ್‌ಡಿಎ ನಿಲ್ಲಿಸಿತು. ಆದರೂ ಮೂರು ಬಟಾಣಿ, ಟಾರಿನ್ ಇಲ್ಲ, ಮೆಥಿಯೊನಿನ್ ಇಲ್ಲ ಅನ್ನುವ ಪ್ಯಾಕನ್ನು ನನ್ನ ನಾಯಿಗೆ ನಾನು ಕೊಡುವುದಿಲ್ಲ.

ಜಿಂಕ್ ಕಥೆ, ಹುಬ್ಬಳ್ಳಿ

ನಮ್ಮ ಅನುಭವವನ್ನೂ ಹೇಳಬೇಕು. ನಮ್ಮ ಹಸ್ಕಿಗೆ ಮನೆಯಲ್ಲೇ ರೊಟ್ಟಿ, ಬೇಳೆ, ತರಕಾರಿ ಮಾಡಿ ಹಾಕುತ್ತಿದ್ದೆವು. ಎಂಟು ತಿಂಗಳಾದ ಮೇಲೆ ಕಣ್ಣಿನ ಸುತ್ತ, ಬಾಯಿಯ ಸುತ್ತ ಕೂದಲು ಉದುರಿ ಪೊರೆ ಕಟ್ಟಿತು. ಹುಳುಕಡ್ಡಿ ಅಂತ ಎರಡು ತಿಂಗಳು ಮುಲಾಮು ಹಚ್ಚಿದೆವು. ಕೊನೆಗೆ ಚರ್ಮದ ತುಣುಕು ತೆಗೆದು ನೋಡಿದಾಗ ಗೊತ್ತಾಗಿದ್ದು ಜಿಂಕ್ ಕೊರತೆ. ಜಿಂಕ್ ಮಾತ್ರೆ ಶುರು ಮಾಡಿದ ಮೇಲೆ ನಿಧಾನವಾಗಿ ಕೂದಲು ಬಂತು. ಆ ಎರಡು ತಿಂಗಳು ಅದು ಕೆರೆದುಕೊಂಡಿದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪಶುವೈದ್ಯ, ಹಾಸನ

ಧಾನ್ಯ, ಬೇಳೆಗಳಲ್ಲಿ ಫೈಟೇಟ್ ಅಂತ ಒಂದು ಅಂಶ ಇರುತ್ತದೆ. ಅದು ಜಿಂಕ್, ಕಬ್ಬಿಣ, ಕ್ಯಾಲ್ಸಿಯಂಗಳನ್ನು ಹಿಡಿದುಕೊಂಡು ದೇಹಕ್ಕೆ ಸೇರದ ಹಾಗೆ ಮಾಡುತ್ತದೆ. ಹಸ್ಕಿ, ಮಲಾಮ್ಯೂಟ್ ತಳಿಗಳಲ್ಲಿ ಹುಟ್ಟಿನಿಂದಲೇ ಜಿಂಕ್ ಹೀರಿಕೊಳ್ಳುವ ಶಕ್ತಿ ಕಡಿಮೆ ಇರಬಹುದು. ಎರಡೂ ಸೇರಿದರೆ ಹೀಗೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ ಅಂತ ಎಲ್ಲರಿಗೂ ಗೊತ್ತು, ಆದರೆ ಅದೆಲ್ಲ ಒಳಗೆ ಸೇರುವುದಿಲ್ಲ. ಅದಕ್ಕೇ "ವಿಟಮಿನ್ ಮತ್ತು ಖನಿಜಗಳು" ಅನ್ನುವ ಒಂದೇ ಪದ ಸಾಲದು. ಜಿಂಕ್ ಎಷ್ಟು, ಯಾವ ರೂಪದ್ದು ಅಂತ ಬಿಡಿಸಿ ಬರೆದಿರಬೇಕು.

ವಿಟಮಿನ್ ಡಿ ಕೂಡ ಹಾಗೆಯೇ. ನಾಯಿ ನಮ್ಮ ಹಾಗೆ ಬಿಸಿಲಿನಿಂದ ಬೇಕಾದಷ್ಟು ಮಾಡಿಕೊಳ್ಳಲಾರದು. ಆಹಾರದಿಂದಲೇ ಬರಬೇಕು. ಒಣ ಲೆಕ್ಕದಲ್ಲಿ ಒಂದು ಕೆಜಿಗೆ ಕನಿಷ್ಠ 500 ಐಯು (ವಿಟಮಿನ್ ಅಳೆಯುವ ಮಾನ), ಹೆಚ್ಚೆಂದರೆ 3,000. ಜಾಸ್ತಿಯಾದರೂ ವಿಷ, ಕಿಡ್ನಿ ಕೆಡುತ್ತದೆ. ಹಾಗಾಗಿ ಮೆಡಿಕಲ್ ಶಾಪಿನಿಂದ ಹನಿ ತಂದು ಅಂದಾಜಿನಲ್ಲಿ ಹಾಕುವ ಕೆಲಸ ಯಾರೂ ಮಾಡಬೇಡಿ.

ಕರಿಯನ ಅಮ್ಮ, ಮೈಸೂರು

ಒಂದು ಸಂದೇಹ. ಈ ಪ್ಯಾಕ್ ನಿಜವಾಗಲೂ ವೀಗನ್ನೇ ಅಂತ ಹೇಗೆ ತಿಳಿಯುವುದು? ಡಿ3 ಕುರಿಯ ಉಣ್ಣೆಯಿಂದ ಬರುತ್ತದೆ ಅಂತ ಎಲ್ಲೋ ಓದಿದ್ದೆ.

ಲೀಡ್ಸ್ ಕನ್ನಡಿಗ

ಹೌದು, ಸಾಮಾನ್ಯವಾಗಿ ಸಿಗುವ ಡಿ3 ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ವೀಗನ್ ಫುಡ್‌ನಲ್ಲಿ ಡಿ2 ಇರಬೇಕು, ಇಲ್ಲವೇ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3. ಡಿಸಿಪಿ ಮೂಳೆಯಿಂದಲೂ ಬರುತ್ತದೆ, ಕಲ್ಲಿನ ರಂಜಕದಿಂದಲೂ ಬರುತ್ತದೆ. ಕೇಳಿದರೆ ಮಾತ್ರ ಗೊತ್ತಾಗುವುದು. ಒಮೆಗಾ-3ಗೆ ಬರೀ ಅಗಸೆ ಹಾಕಿದ್ದರೆ ಸಾಲದು, ಅದರಿಂದ ದೇಹಕ್ಕೆ ಬೇಕಾದ ಇಪಿಎ, ಡಿಎಚ್ಎ ಅನ್ನುವ ಒಮೆಗಾ-3 ರೂಪಗಳನ್ನು ಮಾಡಿಕೊಳ್ಳುವ ಶಕ್ತಿ ನಾಯಿಗೆ ಕಡಿಮೆ. ಪಾಚಿಯ ಎಣ್ಣೆ ಇದೆಯಾ ನೋಡಿ. ಬಿ12 ಬ್ಯಾಕ್ಟೀರಿಯಾದಿಂದಲೇ ತೆಗೆಯುತ್ತಾರೆ, ಅದಕ್ಕೆ ಚಿಂತೆ ಬೇಡ.

ಊರಲ್ಲಿ ಇನ್ನೊಂದು ಗೊಂದಲ ನೋಡಿದ್ದೇನೆ. ನಮ್ಮಲ್ಲಿ ಹಸಿರು ಚುಕ್ಕೆ ಅಂದರೆ ಸಸ್ಯಾಹಾರ, ಅದರಲ್ಲಿ ಹಾಲಿನ ಪುಡಿ ಇರಬಹುದು. ವೀಗನ್ ಆಹಾರಕ್ಕೆ ಅಂತ 2022ರಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬೇರೆ ನಿಯಮ, ಬೇರೆ ಚಿಹ್ನೆ ತಂದಿತು. ಆದರೆ ಅದು ಮನುಷ್ಯರ ಆಹಾರಕ್ಕೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಪಶು ಆಹಾರ ಬರುವುದಿಲ್ಲ. ಡಾಗ್ ಫುಡ್ ಮೇಲೆ "ವೀಗನ್" ಅಂತ ಕಂಡರೆ ಅದು ಕಂಪನಿಯ ಮಾತು ಅಂತ ತಿಳಿದು, ಕಾಗದ ಕೇಳಿ.

ಮೆಕ್ಕೆಜೋಳ, ದಾವಣಗೆರೆ

ನಾನು ಫೀಡ್ ಮಿಲ್‌ನಲ್ಲಿ ಮಾಲು ಇಳಿಸಿಕೊಳ್ಳುವ ಕೆಲಸದಲ್ಲಿ 11 ವರ್ಷ ಇದ್ದವನು. ಇಲ್ಲಿ ಎಲ್ಲರೂ ಪೋಷಕಾಂಶದ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಮೊದಲು ಭಯ ಆಗುವುದು ಬೂಷ್ಟಿನದ್ದು.

ನಮ್ಮ ಕಡೆ ಮೆಕ್ಕೆಜೋಳ ಅಕ್ಟೋಬರ್, ನವೆಂಬರ್‌ನಲ್ಲಿ ಕಟಾವಿಗೆ ಬರುತ್ತದೆ. ಆ ಹೊತ್ತಿಗೇ ಮಳೆ ಹಿಡಿದರೆ ರೈತ ರಸ್ತೆ ಮೇಲೆ ಹರವಿ, ಟಾರ್ಪಾಲ್ ಮುಚ್ಚಿ, ಹೇಗೋ ಒಣಗಿಸಲು ಒದ್ದಾಡುತ್ತಾನೆ. ತೇವ 14%ಕ್ಕಿಂತ ಜಾಸ್ತಿ ಇರುವ ಕಾಳನ್ನು ಚೀಲ ತುಂಬಿ ಇಟ್ಟರೆ ಒಳಗೇ ಬಿಸಿ ಏರಿ ಬೂಷ್ಟು ಬರುತ್ತದೆ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ. ಶೇಂಗಾ ಹಿಂಡಿಯಲ್ಲಿ ಇನ್ನೂ ಜಾಸ್ತಿ. ಈ ವಿಷ ಮೊದಲು ಗೊತ್ತಾಗಿದ್ದೇ 1960ರಲ್ಲಿ, ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ.

ಕಾಳು ಬೇಯಿಸಿ, ಒತ್ತಿ ಡಾಗ್ ಫುಡ್ ಮಾಡಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಮುಗ್ಗು ವಾಸನೆಯೂ ಬರದೇ ಇರಬಹುದು. ಅಮೆರಿಕದಲ್ಲಿ ಇದರ ಮಿತಿ 20 ಪಿಪಿಬಿ. ಅಂದರೆ ಒಂದು ಟನ್ ಕಾಳಿನಲ್ಲಿ 20 ಮಿಲಿಗ್ರಾಂ. ಅಲ್ಲೇ 2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ, ಅಫ್ಲಾಟಾಕ್ಸಿನ್ ಇದ್ದ ಡಾಗ್ ಫುಡ್ ತಿಂದು 100ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಬಂತು. ಅದು ವೀಗನ್ ಫುಡ್ ಅಲ್ಲ. ಆದರೆ ಮೆಕ್ಕೆಜೋಳ ಎಲ್ಲದರಲ್ಲೂ ಅದೇ ತಾನೇ? ವೀಗನ್ ಪ್ಯಾಕಿನಲ್ಲಿ ಕಾಳು, ಹಿಂಡಿಗಳೇ ಜಾಸ್ತಿ ಇರುತ್ತವೆ. ಹಾಗಾಗಿ ಪರೀಕ್ಷೆಯೂ ಜಾಸ್ತಿ ಬೇಕು.

ಒಳ್ಳೆಯ ಮಿಲ್‌ನವರು ಪ್ರತಿ ಲಾರಿಯಲ್ಲಿ ಹತ್ತು ಕಡೆ ಗೋಣಿಗೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ. ಒಂದು ಮೂಲೆಯ ಒಂದು ಹಿಡಿ ನೋಡಿ ಬಿಡುವುದಿಲ್ಲ, ಯಾಕೆಂದರೆ ಬೂಷ್ಟು ಒಂದೇ ಕಡೆ ಗಂಟು ಕಟ್ಟಿರುತ್ತದೆ. ನೀವು ಕಂಪನಿಗೆ ಬರೆಯುವಾಗ "ನೀವು ಟೆಸ್ಟ್ ಮಾಡ್ತೀರಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ನಿಮ್ಮ ಪ್ಯಾಕಿನ ಬ್ಯಾಚ್ ನಂಬರ್ ಕೊಟ್ಟು, ಆ ಬ್ಯಾಚಿನ ಅಫ್ಲಾಟಾಕ್ಸಿನ್ ವರದಿ, ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನದ್ದು, ಕಳಿಸಿ ಅಂತ ಕೇಳಿ.

ಪಶುವೈದ್ಯ, ಹಾಸನ

ಅಣ್ಣ, ಇದನ್ನು ನೀವು ಬರೆದಿದ್ದು ದೊಡ್ಡ ಉಪಕಾರ. ಊಟ ಬಿಡುವುದು, ವಾಂತಿ, ಸುಸ್ತು, ಒಸಡು ಮತ್ತು ಕಣ್ಣಿನ ಬಿಳಿಭಾಗ ಹಳದಿ ಆಗುವುದು ಕಂಡರೆ ಆ ಪ್ಯಾಕನ್ನು ಎಸೆಯದೆ ಎತ್ತಿಟ್ಟುಕೊಂಡು ಅದೇ ದಿನ ಆಸ್ಪತ್ರೆಗೆ ಬನ್ನಿ.

ಪ್ರೋಟೀನ್ ಅಂಕಿಯ ಬಗ್ಗೆ ಒಂದು ಮಾತು ಉಳಿದಿತ್ತು. ಲ್ಯಾಬಿನಲ್ಲಿ ಅಳೆಯುವುದು ನೈಟ್ರೋಜನ್. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೆಯುತ್ತಾರೆ. ನೈಟ್ರೋಜನ್ ಎಲ್ಲಿಂದ ಬಂತು ಅಂತ ಆ ಪರೀಕ್ಷೆಗೆ ಗೊತ್ತಿಲ್ಲ. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಗ್ಲುಟೆನ್, ಅಕ್ಕಿ ಪ್ರೋಟೀನ್‌ಗಳಲ್ಲಿ ಮೆಲಮಿನ್ ಬೆರೆಸಿದ್ದರು. ಅದು ಪ್ಲಾಸ್ಟಿಕ್‌ಗೆ ಬಳಸುವ ವಸ್ತು, ನೈಟ್ರೋಜನ್ ತುಂಬಾ ಇರುತ್ತದೆ. ಕಾಗದದ ಮೇಲೆ ಪ್ರೋಟೀನ್ ಜಾಸ್ತಿ ಕಂಡಿತು. ನಾಯಿ, ಬೆಕ್ಕುಗಳ ಕಿಡ್ನಿಯಲ್ಲಿ ಹರಳು ಕಟ್ಟಿ ಪ್ರಾಣ ಹೋಯಿತು. ಮೋಸ ನಡೆದಿದ್ದು ಸಸ್ಯದ ಪ್ರೋಟೀನ್ ಪುಡಿಯಲ್ಲೇ. ಹಾಗಾಗಿ ಪ್ರೋಟೀನ್ ಪುಡಿ ಯಾರಿಂದ ಕೊಳ್ಳುತ್ತೀರಿ ಅಂತಲೂ ಕೇಳಿ. ಅಮೈನೊ ಆಮ್ಲದ ಪೂರ್ತಿ ವರದಿ ಕೊಟ್ಟವರು ಈ ಪ್ರಶ್ನೆಗೂ ಸಾಮಾನ್ಯವಾಗಿ ಉತ್ತರ ಕೊಡುತ್ತಾರೆ.

ತಿಪಟೂರು ಅಜ್ಜಿ

ಇಷ್ಟೆಲ್ಲ ಓದಿ ಎದೆ ಝಲ್ ಅಂತು ಕಣಪ್ಪ. ಹಾಗಾದರೆ ನಾನು ಈಗಿನ ನಾಯಿಗೆ ಮುದ್ದೆ ಸಾರು ಹಾಕುವುದು ತಪ್ಪಾ?

ಪಶುವೈದ್ಯ, ಹಾಸನ

ಮುದ್ದೆ ಹಾಕಿ ಅಜ್ಜಿ, ತಪ್ಪಿಲ್ಲ. ಸಾರು ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಸೇರುತ್ತಾ ಹೋಗುತ್ತದೆ. ಹುಣಸೆಹಣ್ಣೂ ಬೇಡ. ದ್ರಾಕ್ಷಿ ತಿಂದ ನಾಯಿಗೆ ಕಿಡ್ನಿ ಯಾಕೆ ಕೆಡುತ್ತದೆ ಅಂತ ಬಹಳ ವರ್ಷ ಗೊತ್ತಿರಲಿಲ್ಲ. ಈಗ ಟಾರ್ಟಾರಿಕ್ ಆಮ್ಲದ ಮೇಲೆ ಬಲವಾದ ಅನುಮಾನ ಇದೆ. ಹುಣಸೆಯಲ್ಲಿ ಅದು ತುಂಬಾ ಇದೆ, ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಯೂ ಬಂದಿದೆ. ಒಗ್ಗರಣೆ, ಹುಳಿ, ಖಾರ ಹಾಕುವ ಮುಂಚೆ ಬೆಂದ ಬೇಳೆ ಕಟ್ಟನ್ನು ಅದರ ಪಾಲಿಗೆ ತೆಗೆದಿಡಿ. ಮೊಸರು ಮುಂದುವರಿಸಿ. ನಿಮ್ಮ ಮನೆಯಲ್ಲಿ ಅಭ್ಯಂತರ ಇಲ್ಲದಿದ್ದರೆ ಮೊಟ್ಟೆ ಕೊಡಿ. ಖನಿಜದ ಪುಡಿ ಎಷ್ಟು ಅಂತ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ನಾಯಿಯ ತೂಕ ಹೇಳಿ ಬರೆಸಿಕೊಳ್ಳಿ.

ತಿಪಟೂರು ಅಜ್ಜಿ

ಆಯಿತಪ್ಪ. ಇವತ್ತಿನಿಂದಲೇ ಬೇಳೆ ಬೇರೆ ತೆಗೆದಿಡುತ್ತೇನೆ.

ಕರಿಯನ ಅಮ್ಮ, ಮೈಸೂರು

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಮೊದಲ ಕಂಪನಿಗೆ ಎರಡು ಸಲ ಬರೆದೆ. "ನಮ್ಮ ಉತ್ಪನ್ನ ಸುರಕ್ಷಿತ" ಅಂತ ಒಂದು ಸಾಲು ಬಂತು. ಮೆಥಿಯೊನಿನ್ ಎಷ್ಟು ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಆ ಪ್ಯಾಕ್ ಬಿಚ್ಚದೆ ಹಿಂದಿರುಗಿಸಿದೆ.

ಇನ್ನೊಂದು ಕಂಪನಿ ಸಿಕ್ಕಿತು. ಬೆಲೆ ಜಾಸ್ತಿ, ಆದರೆ ಅವರು ನಾಲ್ಕು ಪುಟ ಕಳಿಸಿದರು. ಒಣ ಲೆಕ್ಕದಲ್ಲಿ ಪ್ರೋಟೀನ್ 26%, ಮೆಥಿಯೊನಿನ್, ಸಿಸ್ಟೀನ್ ಸೇರಿ 0.82%. ಟಾರಿನ್ ಬೇರೆ ಹಾಕಿದ್ದಾರೆ. ಜಿಂಕ್, ಡಿ2 ಎಷ್ಟು ಅಂತ ಇದೆ. ಸೋಯಾ ಮೊದಲು, ಬಟಾಣಿ ಒಂದೇ ಕಡೆ, ಅದೂ ಕೊನೆಯಲ್ಲಿ. ನನ್ನ ಬ್ಯಾಚಿನ ಅಫ್ಲಾಟಾಕ್ಸಿನ್ ವರದಿಯಲ್ಲಿ 4 ಪಿಪಿಬಿ. "ಬೆಳೆದ ನಾಯಿಗೆ ಮಾತ್ರ" ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಇಷ್ಟು ದಿನ ಕೊಡುತ್ತಿದ್ದ ಕೋಳಿ ಫುಡ್‌ನವರನ್ನೂ ಇದನ್ನೆಲ್ಲ ಕೇಳಿದೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ. ಐದು ವರ್ಷ ಒಂದು ಪ್ರಶ್ನೆಯನ್ನೂ ಕೇಳದೆ ಅದನ್ನೇ ಹಾಕಿದ್ದೆನಲ್ಲ ಅಂತ ತುಂಬಾ ನೋವಾಯಿತು.

ಶುರು ಮಾಡುವ ಮುಂಚೆ ಕರಿಯನ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆ. ಹೃದಯದ ಎಕೋ ಕೂಡ ಆಯಿತು. ಎಲ್ಲ ಸರಿಯಾಗಿದೆ. ಹಳೆಯ ಫುಡ್ ಮುಕ್ಕಾಲು, ಹೊಸದು ಕಾಲು ಭಾಗ ಬೆರೆಸಿ ನಾಲ್ಕು ದಿನ ಕೊಟ್ಟೆ, ಈಗ ಅರ್ಧ ಅರ್ಧ. ಮೊದಲೆರಡು ದಿನ ಹೊಟ್ಟೆ ಗುಡುಗುಡು ಅನ್ನುತ್ತಿತ್ತು. ಈಗ ಸರಿಹೋಗಿದೆ.

ಮುಧೋಳ ಮನೆ, ಬಾಗಲಕೋಟೆ

ಅಕ್ಕಾರೆ, ನನ್ನ ನಾಯಿಗಳಿಗೆ ನಾನು ಮಾಂಸವನ್ನೇ ಹಾಕುವವನು, ಅದು ಬದಲಾಗುವುದಿಲ್ಲ. ಆದರೆ ನೀವು ಕೇಳಿದ ಹಾಗೆ ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಮರಿಗಳಿಗೆ ತರುವ ಫುಡ್‌ನ ಬ್ಯಾಚ್ ವರದಿ ಕೇಳಿ ನಿನ್ನೆ ಬರೆದಿದ್ದೇನೆ.

ಪಶುವೈದ್ಯ, ಹಾಸನ

ಹೊಟ್ಟೆ ಗುಡುಗುಡು ಸೋಯಾದ ಸಕ್ಕರೆ ಅಂಶದಿಂದ, ಒಗ್ಗಿಕೊಳ್ಳುತ್ತದೆ. ಮೂರು ತಿಂಗಳಿಗೆ ಮತ್ತೆ ರಕ್ತ ನೋಡಿ, ಆಮೇಲೆ ಆರು ತಿಂಗಳಿಗೊಮ್ಮೆ ಸಾಕು. ಪ್ರತಿ ಭಾನುವಾರ ತೂಕ ಬರೆದಿಡಿ. ಮೂತ್ರ ಮರೆಯಬೇಡಿ, ಸಸ್ಯಾಹಾರದಲ್ಲಿ ಮೂತ್ರದ ಕ್ಷಾರ ಏರಬಹುದು, ಸೋಂಕೂ ಸೇರಿದರೆ ಕಲ್ಲು ಕಟ್ಟುತ್ತದೆ. ಬೆಳಗಿನ ಮೊದಲ ಮೂತ್ರವನ್ನು ಸ್ವಚ್ಛ ಡಬ್ಬಿಯಲ್ಲಿ ಹಿಡಿದು ಒಂದು ಗಂಟೆಯೊಳಗೆ ಲ್ಯಾಬಿಗೆ ಕೊಡಿ. ತಡವಾದರೆ ಅಂಕಿ ತಪ್ಪಾಗುತ್ತದೆ.

ಕರಿಯನ ಅಮ್ಮ, ಮೈಸೂರು

ಖಂಡಿತ ಡಾಕ್ಟ್ರೇ. ಲ್ಯಾಬ್ ನಮ್ಮ ಮನೆಯಿಂದ ಹತ್ತು ನಿಮಿಷ. ವರದಿ ಬಂದ ದಿನವೇ ಇಲ್ಲಿ ಹಾಕುತ್ತೇನೆ.